ಸಮೋವಾದ ಎರಡು ಶಾಲೆಗಳು

ಪೆಸಿಫಿಕ್ ಸಾಗರದ ಸಮೋವಾ ದ್ವೀಪಗಳ ಹೆಸರನ್ನು ನಮ್ಮಲ್ಲಿ ಹೆಚ್ಚಿನವರು ಕೇಳಿರುವುದು ರಗ್ಬಿ ಆಟದಿಂದ. ಸಿಡ್ನಿಯ ಆಸ್ಪತ್ರೆಗಳಲ್ಲಿ ಕೆಲಸ ಮಾಡುವ ನಮ್ಮಂಥವರಿಗೆ ಆ ಜನ ವಾರ್ಡಿನಲ್ಲೂ ಪರಿಚಿತರು. ಮಲಗಿರುವವರು ಒಬ್ಬರಾದರೆ ನೋಡಲು ಬರುವವರು ಹತ್ತು ಮಂದಿ, ಜೊತೆಗೆ ಅಡಿಗೆಯ ಡಬ್ಬಗಳು. ಥೇಟ್ ನಮ್ಮ ಊರಿನವರೇ ಅನ್ನಿಸುತ್ತದೆ. ಈ ಜನರ ನೆನಪಿನಿಂದ 1918ನೇ ಇಸವಿ ಇನ್ನೂ ಮಾಸಿಲ್ಲ.

2020ರ ಮಾರ್ಚ್ ತಿಂಗಳಲ್ಲಿ ಗಡಿಗಳು ಒಂದೊಂದಾಗಿ ಮುಚ್ಚತೊಡಗಿದಾಗ ಮಾರ್ಮನ್ ಚರ್ಚು ಹೊರದೇಶಗಳಲ್ಲಿದ್ದ ತನ್ನ ಬಹುಪಾಲು ಮಿಷನರಿಗಳನ್ನು ಅವರವರ ದೇಶಕ್ಕೆ ವಾಪಸು ಕರೆಸಿಕೊಂಡಿತು. ನೂರು ವರ್ಷಗಳ ಹಿಂದೆ ಅಂಥ ಸೌಕರ್ಯವಿರಲಿಲ್ಲ. ಸೇವೆಗೆಂದು ಕಡಲು ದಾಟಿ ಹೋದವರು, ಬಾಗಿಲು ಮುಚ್ಚಿದಾಗ ಯಾವ ಕಡೆ ಇದ್ದರೋ ಆ ಕಡೆಯೇ ಉಳಿದರು. ಅವರಿಗೆ ಒದಗಿದ ಗತಿಯನ್ನು ಅರಿಯಲು ಸಮೋವಾದಷ್ಟು ಸ್ಪಷ್ಟವಾದ ಉದಾಹರಣೆ ಇನ್ನೊಂದಿಲ್ಲವೆಂಬುದು ನಮ್ಮ ಅಭಿಪ್ರಾಯ.

ಲಂಡನ್ ಮಿಷನರಿ ಸೊಸೈಟಿಯ ಜಾನ್ ವಿಲಿಯಮ್ಸ್ 1830ರಲ್ಲಿ ಅಲ್ಲಿಗೆ ಬಂದ ಮೇಲೆ ಹಳ್ಳಿಹಳ್ಳಿಗೂ ಇಗರ್ಜಿ, ಪಾಠಶಾಲೆ ಬಂದವು. 1899ರಲ್ಲಿ ಪಶ್ಚಿಮದ ದ್ವೀಪಗಳನ್ನು ಜರ್ಮನಿ, ಪೂರ್ವದವನ್ನು ಅಮೆರಿಕ ಹಂಚಿಕೊಂಡವು. 1914ರ ಆಗಸ್ಟಿನಲ್ಲಿ ಜರ್ಮನಿಯ ಪಾಲು ನ್ಯೂಜಿಲೆಂಡಿನ ಸೈನ್ಯದ ಕೈಗೆ ಬಂತು. ಬಾವುಟಗಳು ಬೇರೆಯಾದರೂ ಬಂಧುಬಳಗ ಒಂದೇ, ಮಿಷನ್ ಒಂದೇ. ಆ ಮಿಷನ್ನಿಗೆ ಎರಡು ಹೆಣ್ಣುಮಕ್ಕಳ ಶಾಲೆಗಳಿದ್ದವು: ಪಶ್ಚಿಮದಲ್ಲಿ ಆಪಿಯಾ ಪಟ್ಟಣದ ಬಳಿ ಪಾಪಾವುಟಾ, ಪೂರ್ವದ ಟುಟುಯಿಲಾ ದ್ವೀಪದಲ್ಲಿ ಅಟಾವುಲೋಮಾ. ಈ ದ್ವೀಪಕ್ಕೂ ಆಪಿಯಾ ಇರುವ ಉಪೋಲು ದ್ವೀಪಕ್ಕೂ ನಡುವೆ ಸುಮಾರು ನಲವತ್ತು ಮೈಲಿ ನೀರು, ಅಷ್ಟೇ.

1918ರ ಅಕ್ಟೋಬರ್ 30ರಂದು ತಲೂನ್ ಎಂಬ ಹಡಗು ಆಕ್ಲೆಂಡಿನಿಂದ ಹೊರಟಿತು. ಆ ಊರಿನಲ್ಲಿ ಆಗಲೇ ಇನ್‌ಫ್ಲುಯೆಂಜಾ ಹರಡಿತ್ತು. ಫಿಜಿಯಲ್ಲಿ ಹಡಗನ್ನು ದಿಗ್ಬಂಧದಲ್ಲಿ ಇರಿಸಲಾಯಿತು. ನವೆಂಬರ್ 7ರಂದು ಆಪಿಯಾ ತಲುಪಿದಾಗ ಕಪ್ತಾನ ಆ ಸಂಗತಿಯನ್ನು ಅಲ್ಲಿನ ವೈದ್ಯಾಧಿಕಾರಿಗೆ ತಿಳಿಸಲಿಲ್ಲ. ವೈದ್ಯಾಧಿಕಾರಿ ಜನರನ್ನು ಇಳಿಯಲು ಬಿಟ್ಟರು. ಮುಂದಿನ ಎರಡು ತಿಂಗಳೊಳಗೆ ಸುಮಾರು 38,000 ಜನರಿದ್ದ ಪಶ್ಚಿಮ ಸಮೋವಾದಲ್ಲಿ ಸುಮಾರು 8,500 ಮಂದಿ ಸತ್ತರು. ಐವರಲ್ಲಿ ಒಬ್ಬರಿಗಿಂತ ಹೆಚ್ಚು! ವೈಮೆಯಾ ಎಂಬಲ್ಲಿ ಹೆಣಗಳನ್ನು ಸಾಮೂಹಿಕವಾಗಿ ಹೂಳಬೇಕಾಯಿತು.

ಇಲ್ಲಿ ವೈದ್ಯರಾಗಿ ನಾವು ಒಂದು ಮಾತು ಹೇಳಬೇಕು. ಮನುಷ್ಯರ ಇನ್‌ಫ್ಲುಯೆಂಜಾ ವೈರಸ್ ಪತ್ತೆಯಾದದ್ದೇ 1933ರಲ್ಲಿ. 1918ರಲ್ಲಿ ಲಸಿಕೆಯೂ ಇಲ್ಲ, ಆಂಟಿಬಯಾಟಿಕ್ಕೂ ಇಲ್ಲ. ಜ್ವರದ ಬೆನ್ನಿಗೆ ಬರುವ ನ್ಯುಮೋನಿಯಾ ಬಹಳ ಮಂದಿಯನ್ನು ಕೊಂದಿತು. ಆದರೆ ಇಡೀ ಹಳ್ಳಿ ಒಂದೇ ವಾರದಲ್ಲಿ ಮಲಗಿದಾಗ ಇನ್ನೊಂದು ಆಪತ್ತು ಸೇರಿಕೊಳ್ಳುತ್ತದೆ. ನೀರು ತರುವವರಿಲ್ಲ, ಗೆಣಸು ಬೇಯಿಸುವವರಿಲ್ಲ. ಬದುಕಬಹುದಾಗಿದ್ದ ರೋಗಿ ಬಾಯಾರಿ, ಹಸಿದು ಸೋಲುತ್ತಾನೆ. ಗಂಜಿ, ನೀರು, ಹೊದಿಕೆ, ಪಕ್ಕದಲ್ಲಿ ಒಬ್ಬರು: ಅಂದಿನ ಚಿಕಿತ್ಸೆಯೆಂದರೆ ಹೆಚ್ಚುಕಡಿಮೆ ಇಷ್ಟೇ. ಇದನ್ನು ಒದಗಿಸಲು ಎಂ.ಬಿ.ಬಿ.ಎಸ್. ಬೇಕಾಗಿಲ್ಲ.

ಪಾಪಾವುಟಾ ಶಾಲೆಯ ಮುಖ್ಯಸ್ಥೆ ಎಲಿಜಬೆತ್ ಮೂರ್ 1890ರ ದಶಕದಿಂದ ಅಲ್ಲಿದ್ದ ಹಿರಿಯ ಮಿಷನರಿ. ಆಕೆಯ ಮಕ್ಕಳು ಸಾಲಾಗಿ ಜ್ವರದಲ್ಲಿ ಮಲಗಿದ್ದಾಗ ಆಕೆ ಮಿಲಿಟರಿ ಆಡಳಿತಾಧಿಕಾರಿ ಕರ್ನಲ್ ರಾಬರ್ಟ್ ಲೋಗನ್ನನ ಮುಂದೆ ಕೇಳಿದ್ದು ಔಷಧಿಯಲ್ಲ, ಅನ್ನ. ಆತ ಸಿಟ್ಟಿನಿಂದ ಅವರನ್ನು ಸೋಮಾರಿಗಳೆಂದು ಬೈದು, ಗೇಟಿನ ಬಳಿ ಸತ್ತುಬಿದ್ದಿರುವ ಕುದುರೆಯನ್ನೇ ತಿನ್ನಲಿ ಎಂಬರ್ಥದ ಮಾತಾಡಿದನೆಂದು 1919ರ ವಿಚಾರಣಾ ಆಯೋಗದ ಮುಂದೆ ಆಕೆ ಸಾಕ್ಷ್ಯ ನುಡಿದಳು. ತನ್ನದೇ ಸಾಮ್ರಾಜ್ಯದ ಅಧಿಕಾರಿಯ ವಿರುದ್ಧ, ಯುದ್ಧ ಗೆದ್ದ ಹುರುಪಿನ ಆ ದಿನಗಳಲ್ಲಿ, ಹೀಗೆ ಬಾಯಿಬಿಡುವುದು ಸಣ್ಣ ಕೆಲಸವಲ್ಲ. ಆ ಸಾಕ್ಷ್ಯ ಇಲ್ಲದಿದ್ದರೆ ಇಡೀ ದುರಂತವನ್ನು ವಿಧಿಯ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವುದು ಸುಲಭವಾಗುತ್ತಿತ್ತು.

ಇನ್ನು ಪೂರ್ವದ ಕಡೆ. ಅಮೆರಿಕದ ನೌಕಾಪಡೆಯ ಕಮಾಂಡರ್ ಜಾನ್ ಪಾಯರ್ ಅಲ್ಲಿನ ಗವರ್ನರ್. ರೇಡಿಯೋ ಸುದ್ದಿಯಿಂದ ರೋಗದ ವಿಷಯ ತಿಳಿದ ಕೂಡಲೇ ಆತ ಬಾಗಿಲು ಹಾಕಿದ. ಬಂದ ಹಡಗುಗಳ ಪ್ರಯಾಣಿಕರನ್ನು ಪ್ರತ್ಯೇಕವಾಗಿಟ್ಟು ನೋಡಿದ ಮೇಲಷ್ಟೇ ಒಳಕ್ಕೆ ಪ್ರವೇಶ. ಆದರೆ ಗವರ್ನರ್ ಆಜ್ಞೆ ಹೊರಡಿಸಿದ ಮಾತ್ರಕ್ಕೆ ಕರಾವಳಿ ಮುಚ್ಚುವುದಿಲ್ಲ. ಆಚೆ ದಡದಲ್ಲಿ ಸಾಯುತ್ತಿದ್ದವರು ಈಚೆಯವರ ಅಣ್ಣ ತಮ್ಮಂದಿರು, ಮಗಳನ್ನು ಕೊಟ್ಟ ಬೀಗರು. ರಾತ್ರಿ ದೋಣಿ ಬಂದರೆ ಯಾರು ತಾನೇ ಬೇಡವೆನ್ನುತ್ತಾರೆ? ಸಮೋವಾದ ಹಳ್ಳಿಗರೇ ತೀರವನ್ನು ಕಾದರು. ಬಂದ ದೋಣಿಗಳನ್ನು ತಿರುಗಿಸಿ ಕಳುಹಿಸಿದರು. ಪ್ಲೇಗಿನ ಕಾಲದಲ್ಲಿ ನಮ್ಮ ಹಿರಿಯರು ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ಇದ್ದ ಕಥೆಗಳನ್ನು ಕೇಳಿದವರಿಗೆ ಈ ಕಠಿಣತೆ ಅರ್ಥವಾದೀತು.

ಫಲಿತಾಂಶ: ಅಮೆರಿಕನ್ ಸಮೋವಾದಲ್ಲಿ ಈ ರೋಗಕ್ಕೆ ಒಂದು ಸಾವೂ ಇಲ್ಲ. ಅಟಾವುಲೋಮಾದ ಹುಡುಗಿಯರು ಎಂದಿನಂತೆ ಪಾಠ ಕಲಿತರು. ಒಂದೇ ಮಿಷನ್, ಒಂದೇ ಭಾಷೆಯ ಬೈಬಲ್, ಒಂದೇ ಪ್ರಾರ್ಥನೆ. ಪ್ರಾರ್ಥನೆಯ ಬಲದಿಂದ ಒಂದು ಕಡೆ ಉಳಿದರು, ಇನ್ನೊಂದು ಕಡೆ ಅದರ ಕೊರತೆಯಿಂದ ಸತ್ತರು ಎನ್ನುವವರಿಗೆ ಇಲ್ಲಿ ಆಧಾರವಿಲ್ಲ. ವ್ಯತ್ಯಾಸವೆಂದರೆ ಒಂದು ಹಡಗು ಮತ್ತು ಅದನ್ನು ಇಳಿಸಿಕೊಂಡ ಒಂದು ಬಂದರು.

ಹಾಗೆಂದು ಪಾಯರ್ ಆಚೆಯವರನ್ನು ಮರೆತಿರಲಿಲ್ಲ. ವೈದ್ಯಕೀಯ ನೆರವು ಬೇಕೇ ಎಂದು ಆತ ಕೇಳಿಕಳಿಸಿದ. ಲೋಗನ್ ಅದನ್ನು ಬಳಸಿಕೊಳ್ಳಲಿಲ್ಲ. ಆಪಿಯಾದಿಂದ ಟಪಾಲು ತಂದ ಹಡಗನ್ನೂ ದಿಗ್ಬಂಧದ ಕಾರಣ ಪಾಗೋ ಪಾಗೋ ಬಂದರಿನಲ್ಲಿ ಸೇರಿಸದಿದ್ದಾಗ, ಲೋಗನ್ ಮುನಿದು ರೇಡಿಯೋ ಸಂಪರ್ಕವನ್ನೇ ಕಡಿದುಹಾಕಿದ. ಮಾನಾಪಮಾನದ ಲೆಕ್ಕಾಚಾರಕ್ಕೆ ಜನರ ಪ್ರಾಣವನ್ನು ಒತ್ತೆಯಿಟ್ಟದ್ದು ಹೀಗೆ! ಕಡೆಗೆ ನಮ್ಮ ಸಿಡ್ನಿಯಿಂದ ನವೆಂಬರ್ 24ರಂದು ಹೊರಟ ಎನ್‌ಕೌಂಟರ್ ಎಂಬ ಯುದ್ಧನೌಕೆ ಡಾಕ್ಟರುಗಳನ್ನೂ ಸಾಮಗ್ರಿಯನ್ನೂ ಹೊತ್ತು ಡಿಸೆಂಬರ್ ಮೊದಲ ವಾರ ಆಪಿಯಾ ಸೇರಿತು. ಅಷ್ಟು ಹೊತ್ತಿಗೆ ಆಗಬೇಕಾದ್ದೆಲ್ಲ ಬಹುಪಾಲು ಆಗಿಹೋಗಿತ್ತು.

ಪಾಯರನಿಗೆ ನೇವಿ ಕ್ರಾಸ್ ಪದಕ ಬಂತು. ಪೂರ್ವದ ದಿಗ್ಬಂಧ 1920ರವರೆಗೂ ನಡೆಯಿತು. ಪಶ್ಚಿಮದಲ್ಲಿ ಉಳಿದ ಕಹಿ ನ್ಯೂಜಿಲೆಂಡಿನ ಆಡಳಿತದ ವಿರುದ್ಧ ಮೌ ಎಂಬ ಚಳವಳಿಗೆ ಇಂಬುಕೊಟ್ಟಿತು. 1962ರ ಜನವರಿ 1ರಂದು ಅದು ಸ್ವತಂತ್ರ ದೇಶವಾಯಿತು. ಸ್ವಾತಂತ್ರ್ಯದ 40ನೇ ವರ್ಷ, 2002ರ ಜೂನ್ ತಿಂಗಳಲ್ಲಿ, ನ್ಯೂಜಿಲೆಂಡಿನ ಪ್ರಧಾನಿ ಹೆಲೆನ್ ಕ್ಲಾರ್ಕ್ ಆಪಿಯಾದಲ್ಲಿ ನಿಂತು ಕ್ಷಮೆ ಕೇಳಿದರು. 84 ವರ್ಷ ತಡ, ಆದರೂ ಕೇಳಿದರಲ್ಲ.

2019ರಲ್ಲಿ ಆಕ್ಲೆಂಡ್ ಕಡೆಯಿಂದಲೇ ದಡಾರ ಬಂದು ಸಮೋವಾದಲ್ಲಿ 83 ಜನ ಸತ್ತರು. ಹೆಚ್ಚಿನವರು ಪುಟ್ಟ ಮಕ್ಕಳು. ಡಿಸೆಂಬರಿನಲ್ಲಿ ಎರಡು ದಿನ ದೇಶವನ್ನೇ ನಿಲ್ಲಿಸಿ, ಲಸಿಕೆ ಬೇಕಾದ ಮನೆಯ ಮುಂದೆ ಕೆಂಪು ಬಟ್ಟೆ ಕಟ್ಟಿಸಿ, ಮನೆಮನೆಗೆ ನರ್ಸುಗಳು ನಡೆದರು. ಮೂರು ತಿಂಗಳ ನಂತರ ಕೋವಿಡ್ ಬಂದಾಗ ಎರಡೂ ಸಮೋವಾಗಳು ಕಾಯದೆ ಗಡಿ ಮುಚ್ಚಿದವು. ಪಶ್ಚಿಮದಲ್ಲಿ ಊರೊಳಗೆ ರೋಗ ಹಬ್ಬಿದ್ದು 2022ರ ಮಾರ್ಚಿನಲ್ಲಿ. ಆ ಹೊತ್ತಿಗೆ ಲಸಿಕೆ ಜನರ ತೋಳು ಮುಟ್ಟಿತ್ತು.

ಅಟಾವುಲೋಮಾದ ಹಳೆಯ ಕಟ್ಟಡ ಅಮೆರಿಕದ ಐತಿಹಾಸಿಕ ಸ್ಥಳಗಳ ಪಟ್ಟಿಯಲ್ಲಿದೆ. ಪಾಪಾವುಟಾದಲ್ಲಿ ಇಂದಿಗೂ ಹೆಣ್ಣುಮಕ್ಕಳು ಓದುತ್ತಿದ್ದಾರೆ.