ಎತ್ತರದ ಬೈಕ್‌ನಲ್ಲಿ ಕಾಲು ಎಟುಕ್ತಿಲ್ವಾ? ಮೊದಲು ಸೀಟ್ ನೋಡಿ, ಆಮೇಲೆ ಶಾಕ್ ಮುಟ್ಟಿ

ಕಂಕನಾಡಿ: ಪಂಪ್‌ವೆಲ್ ಕಡೆ ಇಳಿಯುವ ರಸ್ತೆಯಲ್ಲಿ ಟ್ರಾಫಿಕ್ ನಿಂತಾಗ ಎತ್ತರದ ಬೈಕ್‌ನವರಿಗೆ ಒಂದೇ ಚಿಂತೆ, ಕಾಲು ನೆಲಕ್ಕೆ ಎಟುಕ್ತದಾ ಅಂತ. ರಸ್ತೆಯಂಚಿನ ತಗ್ಗಿಗೆ ಕಾಲು ಇಟ್ಟರೆ ಬೈಕ್ ಆ ಕಡೆಗೇ ವಾಲ್ತದೆ. ಒಮ್ಮೆ ವಾಲಿದರೆ ಹಿಡಿದು ನಿಲ್ಲಿಸುವುದು ಕಷ್ಟ. ಮಳೆಗಾಲದಲ್ಲಂತೂ ಕೇಳುವುದೇ ಬೇಡ.

ಸ್ಪ್ಲೆಂಡರ್ ಸೀಟಿನ ಎತ್ತರ 785 ಮಿ.ಮೀ. ಎಕ್ಸ್‌ಪಲ್ಸ್ 200 4ವಿ ಮತ್ತು ಹಿಮಾಲಯನ್ 450 ಎರಡರದ್ದೂ 825. ವ್ಯತ್ಯಾಸ 40 ಮಿ.ಮೀ., ಅಂದರೆ ಒಂದೂವರೆ ಇಂಚು ಮಾತ್ರ. ಹಾಗಾಗಿ ಹೆಚ್ಚಿನವರಿಗೆ ಬೈಕನ್ನೇ ತಗ್ಗಿಸುವ ಅಗತ್ಯ ಇರುವುದಿಲ್ಲ.

ಖರ್ಚಿಲ್ಲದ ಕೆಲಸ ಮೊದಲು

ಹಿಂದಿನ ಶಾಕ್‌ನ ಪ್ರಿಲೋಡ್ ಗಟ್ಟಿ ಇದ್ದರೆ ಒಂದೆರಡು ಹಂತ ಸಡಿಲ ಮಾಡಿಸಿ. ಕೂತಾಗ ಬೈಕ್ ಸ್ವಲ್ಪ ಹೆಚ್ಚು ತಗ್ತದೆ. ಹಿಂದೆ ಯಾರನ್ನಾದರೂ ಕೂರಿಸುವಾಗ ಮತ್ತೆ ಗಟ್ಟಿ ಮಾಡಬೇಕು. ಇಲ್ಲದಿದ್ದರೆ ಹೊಂಡಕ್ಕೆ ಬಿದ್ದಾಗ ಶಾಕ್ ತಳಕ್ಕೆ ಬಡೀತದೆ. ಹಿಮಾಲಯನ್ 450ಗೆ ಕಂಪನಿಯದ್ದೇ 805 ಮಿ.ಮೀ. ಲೋ ಸೀಟ್ ಉಂಟು. ಅದನ್ನೂ ಕೂತು ನೋಡಿ.

ಸೀಟ್ ಕೆಲಸ

ಕುಶನ್ ಕೆಲಸದವರಿಗೆ ಬರೀ ‘ತಗ್ಗಿಸಿ’ ಅಂದರೆ ಸಾಲದು. ಸೀಟಿನ ಮುಂಭಾಗದ ಎರಡೂ ಅಂಚು ಕೆತ್ತಿ ಅಗಲ ಕಡಿಮೆ ಮಾಡಲು ಹೇಳಿ. ಸೀಟ್ ಅಗಲ ಇದ್ದರೆ ತೊಡೆ ಹರಡಿ, ಕಾಲಿನ ಉದ್ದ ಅಲ್ಲೇ ಹೋಗ್ತದೆ. ಮೇಲಿನಿಂದ ಒಂದು ಇಂಚು ತೆಗೆದರೆ ಸುಮಾರು 25 ಮಿ.ಮೀ. ಸಿಗ್ತದೆ. ಅದಕ್ಕಿಂತ ಹೆಚ್ಚು ತೆಗೆದರೆ ಸೀಟಿನ ತಳ ಚುಚ್ಚಲು ಶುರುವಾಗ್ತದೆ.

ಮೆತ್ತಗಿನ ಫೋಮ್ ಅಂಗಡಿಯಲ್ಲಿ ಕೂತಾಗ ಚೆಂದ, ಬೆಂಗಳೂರಿಗೆ ಹೊರಟರೆ ಘಾಟಿ ಹತ್ತುವ ಮೊದಲೇ ಸೊಂಟ ನೋವು. ಫೋಮ್ ತೆಳುವಾದಷ್ಟೂ ಅದು ಗಟ್ಟಿ ಇರಬೇಕು. ಸೀಟ್ ಮುಂದಕ್ಕೆ ಇಳಿಜಾರಾದರೆ ಬ್ರೇಕ್ ಹಿಡಿದಾಗಲೆಲ್ಲ ಟ್ಯಾಂಕ್ ಕಡೆ ಜಾರ್ತೀರಿ. ಕೂರುವ ಜಾಗ ಸಮ ಇರಲಿ.

ನಮ್ಮೂರಿನ ಮಳೆಗೆ ಇನ್ನೊಂದು ಮಾತು: ಕೂರುವ ಜಾಗದ ಮೇಲೆ ಹೊಲಿಗೆ ಬೇಡ. ಸೂಜಿ ತೂತಿನಿಂದ ನೀರು ಇಳಿದು ಫೋಮ್ ವಾರಗಟ್ಟಲೆ ಒದ್ದೆ ಇರ್ತದೆ. ರೆಕ್ಸಿನ್ ಅಡಿಗೆ ನೀರು ತಡೆಯುವ ಹಾಳೆ ಹಾಕಿಸಿ. ಸಾಧ್ಯವಾದರೆ ಇನ್ನೊಂದು ಸೀಟ್ ತಂದು ಅದರ ಮೇಲೆ ಕೆಲಸ ಮಾಡಿಸಿ, ಕಂಪನಿ ಸೀಟ್ ಹಾಗೇ ಇಡಿ.

ಬೈಕ್ ತಗ್ಗಿಸುವುದು ಕೊನೆಗೆ

ಲಿಂಕ್ ಇರುವ ಮೋನೋಶಾಕ್ ಬೈಕ್‌ಗಳಲ್ಲಿ ಆ ಲಿಂಕ್ ಬದಲಿಸಿ ಹಿಂಭಾಗ ತಗ್ಗಿಸ್ತಾರೆ. ಮುಂದೆ ಫೋರ್ಕನ್ನು ಕ್ಲ್ಯಾಂಪ್‌ನಲ್ಲಿ ಮೇಲಕ್ಕೆ ಸರಿಸ್ತಾರೆ. ಹಿಂದೆ ಮಾತ್ರ ತಗ್ಗಿಸಿದರೆ ನಿಧಾನ ಹೋಗುವಾಗ ಹ್ಯಾಂಡಲ್ ಭಾರ ಅನ್ನಿಸ್ತದೆ, ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೀತದೆ. ಮುಂದೆ ಮಾತ್ರ ಆದರೆ ವೇಗದಲ್ಲಿ ಹ್ಯಾಂಡಲ್ ಚಂಚಲ. ಎರಡೂ ಕಡೆ ಲೆಕ್ಕ ಹಾಕಿಯೇ ಮಾಡಬೇಕು.

ಸೈಡ್ ಸ್ಟ್ಯಾಂಡ್ ಗಿಡ್ಡ ಮಾಡಿಸದಿದ್ದರೆ ಬೈಕ್ ನೆಟ್ಟಗೆ ನಿಂತು ಆಚೆ ಬದಿಗೆ ಬೀಳಬಹುದು. ಚೈನ್ ಸಡಿಲ ಮತ್ತೆ ನೋಡಿಸಿ. ಪೂರ್ತಿ ಒತ್ತಿದಾಗ ಟಯರ್ ಮಡ್‌ಗಾರ್ಡ್‌ಗೆ ತಾಗ್ತದಾ ಅಂತಲೂ ನೋಡಿ. ತಗ್ಗಿಸಿದಷ್ಟೂ ಗ್ರೌಂಡ್ ಕ್ಲಿಯರೆನ್ಸ್ ಕಡಿಮೆ. ಹಂಪ್ ದಾಟುವಾಗ ಅದು ಗೊತ್ತಾಗ್ತದೆ.

ಕಾನೂನು

ಆರ್‌ಸಿಯಲ್ಲಿರುವ ವಿವರಕ್ಕೆ ವ್ಯತ್ಯಾಸ ಬರುವ ಹಾಗೆ ವಾಹನ ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆಯುತ್ತದೆ. 2019ರ ತಿದ್ದುಪಡಿ ಪ್ರಕಾರ, ಅನುಮತಿ ಇಲ್ಲದ ಒಂದೊಂದು ಬದಲಾವಣೆಗೂ ಮಾಲೀಕರಿಗೆ 5,000 ರೂ. ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡೂ ಆಗಬಹುದು. ಶಾಕ್, ಲಿಂಕ್ ಮುಟ್ಟುವ ಮೊದಲು ಆರ್‌ಟಿಒ ಮತ್ತು ವಿಮೆ ಕಂಪನಿಯಲ್ಲಿ ಕೇಳಿಕೊಳ್ಳಿ.

ದುಡ್ಡು ಕೊಡುವ ಮೊದಲು

ನೀವು ದಿನಾ ಹಾಕುವ ಚಪ್ಪಲಿ ಅಥವಾ ಶೂನಲ್ಲೇ ಕೂತು ನೋಡಿ. ಎರಡೂ ಪಾದ ಪೂರ್ತಿ ತಾಗಲೇಬೇಕೆಂದಿಲ್ಲ. ಒಂದು ಪಾದ ಗಟ್ಟಿಯಾಗಿ ಊರಿ, ಇನ್ನೊಂದು ಬ್ರೇಕ್ ಮೇಲಿದ್ದರೆ ಸಾಕು. ಸಮತಟ್ಟು ಜಾಗದಲ್ಲಿ ನೋಡಿದ ಮೇಲೆ ಇಳಿಜಾರಿನಲ್ಲೂ ನಿಲ್ಲಿಸಿ ನೋಡಿ. ರೆಕ್ಸಿನ್‌ಗೆ ಪಿನ್ ಹೊಡೆಯುವ ಮೊದಲೇ ಅರ್ಧ ಗಂಟೆ ಓಡಿಸಿ ಬನ್ನಿ. ಫೋಮ್ ಇನ್ನೂ ಸ್ವಲ್ಪ ಕೆತ್ತಬಹುದು, ಕೆತ್ತಿದ್ದನ್ನು ಅಂಟಿಸುವುದು ಕಷ್ಟ.