ಮರಳಿಗೇರಿದ ಕುರ್ಸುರಾ

ವಿಶಾಖಪಟ್ಟಣದ ರಾಮಕೃಷ್ಣ ಬೀಚಿನಿಂದ ಸಮುದ್ರದ ಅಂಚು ಹಿಡಿದು ಉತ್ತರಕ್ಕೆ ಹೊರಟ ರಸ್ತೆ ಕೈಲಾಸಗಿರಿಯನ್ನು ಬಳಸಿ ಋಷಿಕೊಂಡಕ್ಕೆ ಸೇರುತ್ತದೆ. ಋಷಿಕೊಂಡದ ಹೆಸರು ಕನ್ನಡಿಗರಿಗೆ ಇನ್ನೊಂದು ಕಾರಣಕ್ಕೂ ಪರಿಚಿತವಾಗಿರಬೇಕು. 2020ರಲ್ಲಿ ಭಾರತದ ಎಂಟು ಕಡಲತೀರಗಳಿಗೆ ಒಟ್ಟಿಗೆ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿದಾಗ ಪಡುಬಿದ್ರಿ, ಹೊನ್ನಾವರದ ಕಾಸರಕೋಡುಗಳ ಜೊತೆ ಅದೂ ಆ ಪಟ್ಟಿಯಲ್ಲಿತ್ತು. ಪ್ರವಾಸಿಗಳು ಅಲ್ಲಿಗೆ ಹೋಗುವುದು ನೀರಿಗಿಳಿಯಲು. ಆದರೆ ದಾರಿಯ ಮೊದಲ ತುದಿಯಲ್ಲೇ, ರಾಮಕೃಷ್ಣ ಬೀಚಿನ ಮರಳಿನ ಮೇಲೆ, ನೀರಿನಿಂದ ಎಂದೆಂದಿಗೂ ಮೇಲೆ ಬಂದು ಕುಳಿತ ಒಂದು ವಸ್ತುವಿದೆ. ತೊಂಬತ್ತೊಂದು ಮೀಟರ್ ಉದ್ದದ, ಕಪ್ಪು ಬಣ್ಣದ, ಲೆನಿನ್‌ಗ್ರಾಡ್‌ನಲ್ಲಿ ಕಟ್ಟಿದ ಜಲಾಂತರ್ಗಾಮಿ. ಹೆಸರು ಐಎನ್‌ಎಸ್ ಕುರ್ಸುರಾ.

ರಷ್ಯಾ ನೋಡಬೇಕೆನ್ನುವವರು ಮಾಸ್ಕೋದ ಟ್ರೆತ್ಯಾಕೋವ್ ಗ್ಯಾಲರಿಗೋ ಪೀಟರ್ಸ್‌ಬರ್ಗ್‌ನ ಹರ್ಮಿಟೇಜ್‌ಗೋ ಗುಂಪು ಪ್ರವಾಸದ ಟಿಕೆಟ್ ಮಾಡಿಸುತ್ತಾರೆ. ಬಾವುಟ ಹಿಡಿದ ಗೈಡ್ ಮುಂದೆ, ಇವರು ಹಿಂದೆ. ಭಾರತದಲ್ಲೇ ಇರುವ ಈ ರಷ್ಯನ್ ಸ್ಮಾರಕಕ್ಕೂ ಗುಂಪು ಗುಂಪಾಗಿಯೇ ಒಳಹೋಗಬೇಕು, ಇಲ್ಲೂ ಗೈಡ್ ಇರುತ್ತಾರೆ. ಒಂದು ವ್ಯತ್ಯಾಸವಿದೆ. ಹರ್ಮಿಟೇಜ್‌ನ ಗೈಡ್ ತಾನು ತೋರಿಸುವ ಚಿತ್ರವನ್ನು ಬರೆದವನಲ್ಲ. ಕುರ್ಸುರಾದ ಗೈಡುಗಳು ನೌಕಾಪಡೆಯಿಂದ ನಿವೃತ್ತರಾದವರು, ಇಂಥ ಯಂತ್ರಗಳ ನಡುವೆ ದುಡಿದವರು.

ಒಳಗಿನ ಪ್ರವಾಸ ಬಹಳ ಹೊತ್ತಿನದಲ್ಲ. ಮುಂಭಾಗದ ಟಾರ್ಪಿಡೊ ಕೋಣೆಯಿಂದ ಹಿಂಭಾಗದ ಟಾರ್ಪಿಡೊ ಕೋಣೆಯವರೆಗೆ ಏಳು ವಿಭಾಗಗಳು. ಒಂದರಿಂದ ಇನ್ನೊಂದಕ್ಕೆ ಹೋಗಲು ಬಾಗಿಲಿಲ್ಲ, ಗುಂಡನೆಯ ಕಿಂಡಿ. ಒಂದು ಕಾಲು ಮೊದಲು ಹಾಕಿ, ತಲೆ ತಗ್ಗಿಸಿ, ಇನ್ನೊಂದು ಕಾಲನ್ನು ಎಳೆದುಕೊಳ್ಳಬೇಕು. ಸೀರೆ ಉಟ್ಟವರೂ ಮೊಮ್ಮಕ್ಕಳನ್ನು ಕರೆತಂದ ಅಜ್ಜಂದಿರೂ ಇಲ್ಲಿ ಸ್ವಲ್ಪ ಹೊತ್ತು ತೆಗೆದುಕೊಳ್ಳುತ್ತಾರೆ, ಹಿಂದಿನವರು ಕಾಯುತ್ತಾರೆ. ಒಂದು ವಿಭಾಗಕ್ಕೆ ನೀರು ನುಗ್ಗಿದರೆ ಕಿಂಡಿ ಮುಚ್ಚಿ ಉಳಿದ ಆರನ್ನು ಉಳಿಸಿಕೊಳ್ಳುವುದು ಈ ಕಿಂಡಿಗಳ ಉದ್ದೇಶ. ಮುಚ್ಚುವಾಗ ಆ ಕಡೆ ಯಾರಿದ್ದಾರೆ ಎಂಬುದು ಲೆಕ್ಕಕ್ಕೆ ಬರುವುದಿಲ್ಲ.

ಮುಂದೆ ಆರು, ಹಿಂದೆ ನಾಲ್ಕು, ಒಟ್ಟು ಹತ್ತು ಟಾರ್ಪಿಡೊ ಕೊಳವೆಗಳು. ಇಪ್ಪತ್ತೆರಡು ಟಾರ್ಪಿಡೊಗಳನ್ನು ಹೊರಬಹುದಿತ್ತು. ಅವುಗಳ ಬದಲಿಗೆ ನಲವತ್ತನಾಲ್ಕು ಸಿಡಿಗುಂಡುಗಳನ್ನು ಸಮುದ್ರದಲ್ಲಿ ಬಿತ್ತಿ ಬರಬಹುದಿತ್ತು. ಇಂಥ ಹಡಗಿನಲ್ಲಿ ಎಪ್ಪತ್ತೈದು ಜನ ವಾರಗಟ್ಟಲೆ ಇರುತ್ತಿದ್ದರು. ಕುಡಿಯುವ ನೀರಿಗೇ ಅಳತೆಯಿದ್ದ ಕಡೆ ಸ್ನಾನದ ಮಾತು ದೂರ. ನೀರಿನಡಿ ಓಡುವುದು ಬ್ಯಾಟರಿಯಿಂದ. ಬ್ಯಾಟರಿ ತುಂಬಲು ಡೀಸೆಲ್ ಎಂಜಿನ್ ಓಡಬೇಕು, ಎಂಜಿನ್ನಿಗೆ ಗಾಳಿ ಬೇಕು, ಗಾಳಿಗಾಗಿ ಮೇಲೆ ಬರಬೇಕು ಇಲ್ಲವೇ ಉಸಿರ್ಗೊಳವೆಯನ್ನಾದರೂ ನೀರಿನ ಮೇಲೆ ಚಾಚಬೇಕು. ಶತ್ರು ಕಾಯುವುದು ಆ ಗಳಿಗೆಗೇ. ಈ ಜಾತಿಯ ಹಡಗಿನ ಯುದ್ಧತಂತ್ರವೆಲ್ಲ ಒಂದು ಅರ್ಥದಲ್ಲಿ ಉಸಿರು ಬಿಗಿಹಿಡಿಯುವ ತಂತ್ರ.

ಇದು ಭಾರತಕ್ಕೆ ಹೇಗೆ ಬಂತು ಎಂಬ ಕತೆಯಲ್ಲಿ ರಷ್ಯಾ ಮೊದಲಿಗೆ ಬರುವುದೇ ಇಲ್ಲ. ಸ್ವಾತಂತ್ರ್ಯದ ನಂತರವೂ ಭಾರತೀಯ ನೌಕಾಪಡೆ ಬ್ರಿಟಿಷರ ಮಗುವಾಗಿಯೇ ಉಳಿದಿತ್ತು. ಹಡಗು ಅವರದು, ತರಬೇತಿ ಅವರದು, ಊಟದ ಮೇಜಿನ ಶಿಷ್ಟಾಚಾರವೂ ಅವರದೇ. ಆದರೆ 1960ರ ದಶಕದ ಆರಂಭದಲ್ಲಿ ಅಮೆರಿಕ ತನ್ನ ಡಯಾಬ್ಲೊ ಎಂಬ ಜಲಾಂತರ್ಗಾಮಿಯನ್ನು ಪಾಕಿಸ್ತಾನಕ್ಕೆ ಕೊಟ್ಟಿತು, ಪಾಕಿಸ್ತಾನ ಅದಕ್ಕೆ ಗಾಝಿ ಎಂದು ಹೆಸರಿಟ್ಟಿತು. ಆಗ ಭಾರತದ ಬಳಿ ಒಂದೂ ಜಲಾಂತರ್ಗಾಮಿ ಇರಲಿಲ್ಲ. ದೆಹಲಿ ಮೊದಲು ಕೈಚಾಚಿದ್ದು ಲಂಡನ್ ಕಡೆಗೇ. ಭಾರತ ಭರಿಸಬಹುದಾದ ಸಾಲದ ಷರತ್ತುಗಳಲ್ಲಿ ಕೊಡಲು ಬ್ರಿಟನ್ ಒಪ್ಪಲಿಲ್ಲ. ವಾಷಿಂಗ್ಟನ್ನಿನಿಂದಲೂ ಬೇಕಾದ ಉತ್ತರ ಬರಲಿಲ್ಲ. ರಕ್ಷಣಾ ಸಚಿವ ಯಶವಂತರಾವ್ ಚವಾಣ್ 1964ರಲ್ಲಿ ಮಾಸ್ಕೋಗೆ ಹೋದರು. ಮರುವರ್ಷ ಸೆಪ್ಟೆಂಬರಿನಲ್ಲಿ ಒಪ್ಪಂದವಾಯಿತು. ಭಾರತ–ಸೋವಿಯತ್ ಮೈತ್ರಿಯನ್ನು ಎರಡು ಸಿದ್ಧಾಂತಗಳ ಸಖ್ಯವೆಂದು ವರ್ಣಿಸುವ ಭಾಷಣಗಳು ಆಮೇಲೆ ಬಹಳ ಬಂದವು. ನೌಕಾಪಡೆಯ ಮಟ್ಟಿಗಾದರೂ ಅದು ಶುರುವಾದದ್ದು ಬೇರೆ ಅಂಗಡಿಯವರು ಸಾಲ ಕೊಡದೆ ಇದ್ದದ್ದರಿಂದ.

ಅಂಗಡಿ ಬದಲಾದಾಗ ಭಾಷೆಯೂ ಬದಲಾಯಿತು. ಅಲ್ಲಿಯವರೆಗೆ ಇಂಗ್ಲಿಷಿನಲ್ಲಿ ಕಲಿತಿದ್ದ ಅಧಿಕಾರಿಗಳೂ ನಾವಿಕರೂ ಸೋವಿಯತ್ ಒಕ್ಕೂಟಕ್ಕೆ ಹೋಗಿ ರಷ್ಯನ್ ಅಕ್ಷರಮಾಲೆಯಿಂದ ಪಾಠ ಆರಂಭಿಸಬೇಕಾಯಿತು. ಕವಾಟ ಯಾವುದು, ಗಡಿಯಾರದಂಥ ಈ ಮಾಪಕ ಏನನ್ನು ಅಳೆಯುತ್ತದೆ ಎಂಬುದೆಲ್ಲ ಆ ಲಿಪಿಯಲ್ಲಿತ್ತು. ತಪ್ಪಾಗಿ ಓದಿದ ಒಂದು ಪದಕ್ಕೆ ನೀರಿನಡಿ ತೆರಬೇಕಾದ ಬೆಲೆ ದೊಡ್ಡದು. ಟಾಲ್‌ಸ್ಟಾಯ್, ಗಾರ್ಕಿಯರನ್ನು ಓದಲೆಂದು ರಷ್ಯನ್ ಕಲಿತ ಭಾರತೀಯರು ಇದ್ದಾರೆ. ಬದುಕಿ ಮೇಲೆ ಬರಲೆಂದು ಕಲಿತವರು ಇವರು.

ಮೊದಲ ಜಲಾಂತರ್ಗಾಮಿ ಕಲ್ವರಿ 1967ರ ಡಿಸೆಂಬರ್ 8ರಂದು, ಈಗ ಲಾಟ್ವಿಯಾಗೆ ಸೇರಿದ ರೀಗಾ ಬಂದರಿನಲ್ಲಿ, ಭಾರತದ ಧ್ವಜ ಏರಿಸಿತು. ಅದರ ಹಿಂದೆ ಖಂಡೇರಿ, ಕರಂಜ್. ನಾಲ್ಕನೆಯದಾದ ಕುರ್ಸುರಾ ಸೇವೆಗೆ ಸೇರಿದ್ದು 1969ರ ಡಿಸೆಂಬರ್ 18ರಂದು, ಅದೇ ರೀಗಾದಲ್ಲಿ. 1970ರ ಫೆಬ್ರವರಿಯಲ್ಲಿ ಬಾಲ್ಟಿಕ್ ಚಳಿಯಿಂದ ಹೊರಟ ಅದು ಸ್ವೀಡನ್ನಿನ ಗೋಥೆನ್‌ಬರ್ಗ್, ಸ್ಪೇನಿನ ಲಾ ಕೊರುನ್ಯಾ, ಘಾನಾದ ತಕೊರಾಡಿ, ಮಾರಿಷಸ್‌ಗಳಲ್ಲಿ ತಂಗುತ್ತಾ ಬಂತು. ಇಷ್ಟು ಸುತ್ತು ಯಾಕೆಂದರೆ 1967ರ ಅರಬ್–ಇಸ್ರೇಲ್ ಯುದ್ಧದಿಂದ ಸೂಯೆಜ್ ಕಾಲುವೆ ಮುಚ್ಚಿಹೋಗಿತ್ತು. ವಾಸ್ಕೋ ಡ ಗಾಮನ ದಾರಿಯಲ್ಲೇ, ಆಫ್ರಿಕಾವನ್ನು ಸುತ್ತಿ, ಸೋವಿಯತ್ ಯಂತ್ರವೊಂದು ಹಿಂದೂ ಮಹಾಸಾಗರಕ್ಕೆ ಬಂತು.

ಈ ವಿನ್ಯಾಸವನ್ನು ಸೋವಿಯತ್ತರು ಪ್ರಾಜೆಕ್ಟ್ 641 ಎನ್ನುತ್ತಿದ್ದರು. ನೇಟೊದವರು ಇಟ್ಟ ಹೆಸರು ಫಾಕ್ಸ್‌ಟ್ರಾಟ್. ಅದು ಉತ್ತರದ ತಣ್ಣನೆಯ ಕಡಲಿಗೆ ಮಾಡಿದ ಹಡಗು. ಬೆಚ್ಚನೆಯ ನೀರಿನಲ್ಲಿ ಅದರೊಳಗೆ ಏನಾಗುತ್ತದೆ ಎಂಬುದನ್ನು ಜಗತ್ತು 1962ರ ಅಕ್ಟೋಬರಿನಲ್ಲಿ, ತನಗೇ ಗೊತ್ತಿಲ್ಲದಂತೆ, ಪರೀಕ್ಷೆ ಮಾಡಿತ್ತು. ಕ್ಯೂಬಾ ಬಿಕ್ಕಟ್ಟಿನ ಸಮಯದಲ್ಲಿ ನಾಲ್ಕು ಫಾಕ್ಸ್‌ಟ್ರಾಟ್‌ಗಳು ಕೆರಿಬಿಯನ್ ಕಡೆಗೆ ಬಂದಿದ್ದವು, ಒಂದೊಂದರಲ್ಲೂ ಒಂದು ಅಣ್ವಸ್ತ್ರ ಟಾರ್ಪಿಡೊ ಇತ್ತು. ಅಕ್ಟೋಬರ್ 27ರಂದು ಅಮೆರಿಕದ ನೌಕೆಗಳು ಬಿ-59 ಎಂಬುದನ್ನು ಸುತ್ತುವರಿದು, ಅದನ್ನು ಮೇಲೆ ಬರಿಸಲು ಎಚ್ಚರಿಕೆಯ ಸಿಡಿಮದ್ದು ಬಿಡತೊಡಗಿದವು. ಬ್ಯಾಟರಿ ಬರಿದಾಗುತ್ತಿತ್ತು, ಒಳಗೆ ಕುದಿಯುವ ಸೆಕೆ, ಮಾಸ್ಕೋದ ಸಂಪರ್ಕವಿಲ್ಲ. ಯುದ್ಧ ಶುರುವಾಗಿದೆಯೆಂದು ನಾಯಕ ಸವಿತ್ಸ್ಕಿ ಅಣ್ವಸ್ತ್ರ ಟಾರ್ಪಿಡೊ ಸಿದ್ಧಪಡಿಸಲು ಹೇಳಿದ, ಅದೇ ಹಡಗಿನಲ್ಲಿದ್ದ ಹಿರಿಯ ಅಧಿಕಾರಿ ವಸಿಲಿ ಅರ್ಖಿಪೊವ್ ಅವನನ್ನು ತಡೆದು ಸಮಾಧಾನಪಡಿಸಿದ ಎಂದು ದಶಕಗಳ ನಂತರ ಹೊರಬಂದ ಹೇಳಿಕೆಗಳು ತಿಳಿಸುತ್ತವೆ. ಕೊನೆಗೆ ಬಿ-59 ಮೇಲೆ ಬಂತು. ಕುರ್ಸುರಾದ ನಿಯಂತ್ರಣ ಕೋಣೆಯಲ್ಲಿ ಪೆರಿಸ್ಕೋಪಿನ ಪಕ್ಕ ನಿಂತು ಮಕ್ಕಳು ಫೋಟೊ ತೆಗೆಸಿಕೊಳ್ಳುವ ಜಾಗ ಎಷ್ಟು ಅಗಲವೋ, ಆ ವಾದ ನಡೆದ ಜಾಗವೂ ಸುಮಾರು ಅಷ್ಟೇ ಅಗಲದ್ದು. ಭಾರತಕ್ಕೆ ಕಟ್ಟಿಕೊಟ್ಟ ಮಾದರಿಯಲ್ಲಿ ಉಷ್ಣವಲಯಕ್ಕೆ ತಕ್ಕ ಮಾರ್ಪಾಡುಗಳನ್ನು ಮಾಡಿದರು. ಜಾಗ ಮಾತ್ರ ಹೆಚ್ಚಲಿಲ್ಲ.

ಕುರ್ಸುರಾ ಕಂಡ ಯುದ್ಧ 1971ರದು. ಆ ನವೆಂಬರಿನಲ್ಲಿ ಮುಂಬಯಿಯಿಂದ ಹೊರಟು ಅರಬ್ಬಿ ಸಮುದ್ರದಲ್ಲಿ ಗಸ್ತು ತಿರುಗಿತು. ಗುರಿ ಯಾರದೆಂದು ಖಚಿತವಾಗಿ ಗುರುತಿಸಿದ ಮೇಲೆಯೇ ದಾಳಿ ಎಂಬ ಕಟ್ಟಪ್ಪಣೆ ಇತ್ತು. ನವೆಂಬರ್ 30ರಂದು ಕರಂಜ್ ಅನ್ನು ಸಂಧಿಸಿ, ಸೂಚನೆಗಳನ್ನು ಹಸ್ತಾಂತರಿಸಿ, ಡಿಸೆಂಬರ್ 4ರ ಹೊತ್ತಿಗೆ ಬಂದರಿಗೆ ಮರಳಿತು. ಒಂದು ಟಾರ್ಪಿಡೊವನ್ನೂ ಶತ್ರುವಿನ ಮೇಲೆ ಹಾರಿಸಲಿಲ್ಲ. ಪ್ರವಾಸಿಗಳಿಗೆ ಇದು ನಿರಾಸೆ ತರಬಹುದು. ಆದರೆ ಮೂವತ್ತೊಂದು ವರ್ಷ, 73,500 ನಾಟಿಕಲ್ ಮೈಲಿ ಓಡಿದ ಯುದ್ಧನೌಕೆಯೊಂದು ತನ್ನ ಎಲ್ಲ ಸಿಬ್ಬಂದಿಯನ್ನು ದಡಕ್ಕೆ ಮುಟ್ಟಿಸಿತು ಎಂಬುದಕ್ಕಿಂತ ದೊಡ್ಡ ದಾಖಲೆ ಏನಿರಬೇಕು?

ಯಾಕೆಂದರೆ ಇದೇ ವಿಶಾಖಪಟ್ಟಣದ ಬಂದರಿನ ಬಾಯಿಯ ಹೊರಗೆ ಗಾಝಿ ಮಲಗಿದೆ. ವಿಕ್ರಾಂತ್ ವಿಮಾನವಾಹಕ ನೌಕೆಯನ್ನು ಹುಡುಕಿ ಬಂದ ಅದು 1971ರ ಡಿಸೆಂಬರ್ 3–4ರ ನಡುರಾತ್ರಿ ಸ್ಫೋಟಿಸಿ ಮುಳುಗಿತು. ವಿಕ್ರಾಂತ್ ಆಗ ಅಲ್ಲಿರಲಿಲ್ಲ, ಅಂಡಮಾನಿನ ಕಡೆ ಅದನ್ನು ಬಚ್ಚಿಟ್ಟಿದ್ದರು. ಐಎನ್‌ಎಸ್ ರಾಜಪೂತ್ ಬಿಟ್ಟ ಸಿಡಿಗುಂಡುಗಳಿಂದ ಮುಳುಗಿತೆಂದು ಭಾರತ ಹೇಳುತ್ತದೆ. ಒಳಗಿನ ಸ್ಫೋಟ ಅಥವಾ ತನ್ನದೇ ಸಿಡಿಗುಂಡು ಕಾರಣವೆಂದು ಪಾಕಿಸ್ತಾನ. ಬ್ರಿಟನ್ನಿನಲ್ಲಿ ಕಟ್ಟಿದ ರಾಜಪೂತ್, ಬ್ರಿಟನ್ನಿನಲ್ಲಿ ಕಟ್ಟಿದ ವಿಕ್ರಾಂತ್, ಅಮೆರಿಕದಲ್ಲಿ ಕಟ್ಟಿದ ಗಾಝಿ. ಸತ್ತವರು ಮಾತ್ರ ಉಪಖಂಡದವರು, ತೊಂಬತ್ತಮೂರು ಮಂದಿ. ಬೀಚಿನ ಮೇಲೆ 1971ರ ವಿಜಯಕ್ಕೆ ಕಟ್ಟಿದ ಸ್ಮಾರಕವಿದೆ, ಪ್ರವಾಸಿಗಳು ಅಲ್ಲೂ ಫೋಟೊ ತೆಗೆಸಿಕೊಳ್ಳುತ್ತಾರೆ.

2001ರ ಫೆಬ್ರವರಿ 27ರಂದು ಕುರ್ಸುರಾ ನಿವೃತ್ತಿಯಾಯಿತು. ಗುಜರಿಗೆ ಹಾಕುವ ಬದಲು ಜನರಿಗೆ ತೋರಿಸೋಣವೆಂಬ ಯೋಚನೆ ವೈಸ್ ಅಡ್ಮಿರಲ್ ವಿನೋದ್ ಪಸ್ರೀಚಾ ಅವರದು. ಸುಮಾರು ಎರಡು ಸಾವಿರ ಟನ್ ತೂಕದ ಹಡಗನ್ನು ಸಮುದ್ರದಿಂದ ಮರಳಿಗೆ ಎಳೆದು ಕೂರಿಸುವುದು ಜಾತ್ರೆಯ ತೇರು ಎಳೆದಂತಲ್ಲ. ಒಟ್ಟು ವೆಚ್ಚ ಸುಮಾರು ಐದೂವರೆ ಕೋಟಿ ರೂಪಾಯಿ. 2002ರ ಆಗಸ್ಟ್ 9ರಂದು ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು ಉದ್ಘಾಟಿಸಿದರು, ಆಗಸ್ಟ್ 24ರಿಂದ ಜನರಿಗೆ ಬಾಗಿಲು ತೆರೆಯಿತು. ನೌಕಾಪಡೆ ಇಂದಿಗೂ ಇದನ್ನು ಸತ್ತ ಹಡಗೆಂದು ಪರಿಗಣಿಸಿಲ್ಲ. ಸೇವೆಯಲ್ಲಿರುವ ನೌಕೆಗಳಿಗಷ್ಟೇ ಸಲ್ಲುವ ಧ್ವಜಾಲಂಕಾರದ ಗೌರವ ಇದಕ್ಕೂ ಇದೆ.

ರಸ್ತೆಯ ಆ ಬದಿಯಲ್ಲಿ ಇನ್ನೊಂದು ಸೋವಿಯತ್ ಅತಿಥಿ ಇದೆ. ಟುಪೊಲೆವ್ 142, ಜಲಾಂತರ್ಗಾಮಿಗಳನ್ನು ಬೇಟೆಯಾಡುವ ವಿಮಾನ. ಒಂದೊಂದು ಎಂಜಿನ್ನಿಗೂ ವಿರುದ್ಧ ದಿಕ್ಕಿನಲ್ಲಿ ತಿರುಗುವ ಎರಡೆರಡು ಪ್ರೊಪೆಲ್ಲರ್‌ಗಳು. 1988ರಿಂದ 2017ರವರೆಗೆ ದುಡಿದ ಇದನ್ನು ಅದೇ 2017ರ ಡಿಸೆಂಬರಿನಲ್ಲಿ ರಾಷ್ಟ್ರಪತಿ ರಾಮನಾಥ ಕೋವಿಂದ್ ವಸ್ತುಸಂಗ್ರಹಾಲಯವಾಗಿ ಉದ್ಘಾಟಿಸಿದರು. ಬೇಟೆಯನ್ನೂ ಬೇಟೆಗಾರನನ್ನೂ ಎದುರುಬದುರು ನಿಲ್ಲಿಸಿದವರಿಗೆ ಹಾಸ್ಯಪ್ರಜ್ಞೆ ಇತ್ತೋ ಜಾಗ ಮಾತ್ರ ಸಿಕ್ಕಿತ್ತೋ. ನಗರದ ದಕ್ಷಿಣಕ್ಕೆ ಹೋದರೆ 1979ರ ಸೋವಿಯತ್ ಒಪ್ಪಂದದ ಫಲವಾದ ಉಕ್ಕಿನ ಕಾರ್ಖಾನೆ, ಗೋದಾವರಿ, ಕೃಷ್ಣಾ ಎಂದು ಹೆಸರಿಟ್ಟ ಅದರ ಊದುಕುಲುಮೆಗಳು. ವಿಜಯವಾಡಕ್ಕೆ ಹೋದರೆ ವಿಶಾಲಾಂಧ್ರ ಪ್ರಕಾಶನ. ಕನ್ನಡದ ಒಂದು ತಲೆಮಾರಿಗೆ ನವಕರ್ನಾಟಕ ಹೇಗೋ, ತೆಲುಗಿನ ಓದುಗರಿಗೆ ಅಗ್ಗದ ಬೆಲೆಯ, ಗಟ್ಟಿ ರಟ್ಟಿನ ಮಾಸ್ಕೋ ಪುಸ್ತಕಗಳು ಸಿಗುತ್ತಿದ್ದದ್ದು ಅಲ್ಲಿ. ರಾಚಮಲ್ಲು ರಾಮಚಂದ್ರಾರೆಡ್ಡಿಯಂಥ ದೊಡ್ಡ ವಿಮರ್ಶಕರು ಮಾಸ್ಕೋದಲ್ಲೇ ಇದ್ದು ತೆಲುಗಿಗೆ ಅನುವಾದ ಮಾಡಿದರು.

ಕರ್ನಾಟಕದಲ್ಲೂ ಇಂಥದ್ದಿದೆ. ಕಾರವಾರದ ಟಾಗೋರ್ ಕಡಲತೀರದಲ್ಲಿ ನಿಂತಿರುವ ಚಪಲ್ ಎಂಬ ಕ್ಷಿಪಣಿ ದೋಣಿಯೂ ಸೋವಿಯತ್ ನಿರ್ಮಿತವೇ. ಅದು 1971ರಲ್ಲಿ ಕರಾಚಿಯ ಮೇಲೆ ದಾಳಿ ಮಾಡಿತೆಂದು ಅಲ್ಲಿಗೆ ಬರುವವರು ಹೇಳಿಕೊಳ್ಳುವುದುಂಟು. ಕರಾಚಿಗೆ ಹೋದದ್ದು ಅದೇ ಜಾತಿಯ ಹಿಂದಿನ ತಲೆಮಾರಿನ ದೋಣಿಗಳು, ಚಪಲ್ ಸೇವೆಗೆ ಸೇರಿದ್ದೇ 1976ರಲ್ಲಿ. ಇನ್ನು ಕಲೆಯ ಮಾತಿಗೆ ಬಂದರೆ, ಪೀಟರ್ಸ್‌ಬರ್ಗ್‌ನಲ್ಲಿ 1904ರಲ್ಲಿ ಹುಟ್ಟಿದ ಸ್ವೆತೊಸ್ಲಾವ್ ರೋರಿಕ್ ಬೆಂಗಳೂರಿನಲ್ಲೇ ಬಾಳಿ 1993ರಲ್ಲಿ ತೀರಿಕೊಂಡರು, ಮರುವರ್ಷ ಪತ್ನಿ ದೇವಿಕಾ ರಾಣಿ. ಚಿತ್ರಕಲಾ ಪರಿಷತ್ತಿನಲ್ಲಿ ಅವರ ಚಿತ್ರಗಳನ್ನು ಯಾರು ಬೇಕಾದರೂ ನೋಡಬಹುದು. ಆದರೆ ಕನಕಪುರ ರಸ್ತೆಯ ತಾತಗುಣಿ ಎಸ್ಟೇಟು ಸುಪ್ರೀಂ ಕೋರ್ಟಿನ 2011ರ ತೀರ್ಪಿನವರೆಗೆ ವ್ಯಾಜ್ಯದಲ್ಲೇ ಇತ್ತು. ಕೊಲ್ಲಲು ಕಟ್ಟಿದ ಯಂತ್ರಕ್ಕೆ ನಿವೃತ್ತಿಯಾದ ಹದಿನೆಂಟು ತಿಂಗಳೊಳಗೆ ಮನೆ ಸಿಕ್ಕಿತು. ಚಿತ್ರಕಾರನ ಮನೆ ಬಾಗಿಲು ತೆರೆಯುವ ಮಾತಿಗೆ ಹದಿನೆಂಟು ವರ್ಷ ಬೇಕಾಯಿತು.

ಕುರ್ಸುರಾದ ಒಡಹುಟ್ಟುಗಳಿಗೆ ಅಂಥ ಅದೃಷ್ಟವಿರಲಿಲ್ಲ. ಭಾರತದ ಕೊನೆಯ ಫಾಕ್ಸ್‌ಟ್ರಾಟ್ ವಾಗ್ಲಿ 2010ರ ಡಿಸೆಂಬರಿನಲ್ಲಿ ನಿವೃತ್ತಿಯಾಯಿತು. ಅದನ್ನು ಮಾಮಲ್ಲಪುರದಲ್ಲಿ ವಸ್ತುಸಂಗ್ರಹಾಲಯ ಮಾಡುವ ಯೋಜನೆ ಕೈಗೂಡಲಿಲ್ಲ. ರಷ್ಯಾದ ಕಲಿನಿನ್‌ಗ್ರಾಡ್‌ನಲ್ಲಿ ಬಿ-413 ಎಂಬ ಫಾಕ್ಸ್‌ಟ್ರಾಟ್ ನೀರಿನಲ್ಲೇ ನಿಂತು ಪ್ರವಾಸಿಗಳನ್ನು ಒಳಗೆ ಬಿಟ್ಟುಕೊಳ್ಳುತ್ತದೆ. 1970ರಲ್ಲಿ ಕುರ್ಸುರಾ ಮನೆಗೆ ಹೊರಟ ಬಾಲ್ಟಿಸ್ಕ್ ಬಂದರು ಅಲ್ಲಿಂದ ದೂರವಿಲ್ಲ.

ವಾಗ್ಲಿಯಲ್ಲಿ ಕೊನೆಯ ದಿನ ಇದ್ದ ನಾವಿಕನೊಬ್ಬನಿಗೆ ಆಗ ಇಪ್ಪತ್ತೈದು ವಯಸ್ಸಿದ್ದಿರಬಹುದು. ಈ ಕವಾಟಗಳನ್ನು ಸ್ವತಃ ತಿರುಗಿಸಿದ ಕೈಗಳ ಸಾಲು ಅವನಲ್ಲಿಗೆ ಮುಗಿಯುತ್ತದೆ. ಈಗಿನ ಗೈಡುಗಳು ಹಿಂದಿನ ಟಾರ್ಪಿಡೊ ಕೋಣೆಯ ಬಳಿ ಗುಂಪನ್ನು ನಿಲ್ಲಿಸಿ ವಿವರಿಸುವ ಒಂದು ಸಂಗತಿಯಿದೆ. ಹಡಗು ತಳ ಸೇರಿ ಮೇಲೆ ಬರಲಾರದೆ ಹೋದರೆ, ಉಸಿರಾಟದ ಉಪಕರಣ ಕಟ್ಟಿಕೊಂಡು, ಅರ್ಧ ಮೀಟರಿಗಿಂತ ಸ್ವಲ್ಪವೇ ಅಗಲವಾದ ಟಾರ್ಪಿಡೊ ಕೊಳವೆಯೊಳಗೆ ತೆವಳಿ, ಹಿಂದಿನ ಮುಚ್ಚಳ ಹಾಕಿಸಿಕೊಂಡು, ಕತ್ತಲಲ್ಲಿ ನೀರು ತುಂಬುವವರೆಗೆ ಕಾದು ಹೊರಗೆ ಈಜಬೇಕು. ಇದನ್ನು ಫಲಕದ ಮೇಲೆ ಬರೆದು ಹಾಕಬಹುದು. ಕೊಳವೆಯೊಳಗೆ ಮಲಗಿದಾಗ ಕೈಗಳನ್ನು ಎಲ್ಲಿಡಬೇಕೆಂದು ಮಕ್ಕಳು ಕೇಳುತ್ತಾರೆ.