ವ್ಯತ್ಯಾಸ ಬೇರೆ, ಹಾನಿ ಬೇರೆ

ಬೇರಿಗಂಟಿದ ಮಣ್ಣು ಹೊಲದ ಉಳಿದ ಮಣ್ಣಿನಂತಲ್ಲ ಎಂಬುದನ್ನು ಗುರುತಿಸಿ, ಆ ತೆಳು ವಲಯಕ್ಕೆ 1904ರಲ್ಲಿ ರೈಜೋಸ್ಫಿಯರ್ ಎಂದು ಹೆಸರಿಟ್ಟವನು ಜರ್ಮನಿಯ ಲೊರೆಂಜ್ ಹಿಲ್ಟ್‌ನರ್. ಬೇರು ಸಕ್ಕರೆ, ಅಮೈನೋ ಆಮ್ಲಗಳನ್ನು ಒಸರುತ್ತದೆ. ಅದನ್ನುಂಡು ಬ್ಯಾಕ್ಟೀರಿಯಾಗಳು ಅಲ್ಲಿ ಕಿಕ್ಕಿರಿಯುತ್ತವೆ. ಒಸರುವುದು ಬದಲಾದರೆ ಉಣ್ಣುವವರೂ ಬದಲಾಗಬಹುದು. 1990ರ ದಶಕದಲ್ಲಿ ಕುಲಾಂತರಿ ಬೆಳೆಗಳು ಹೊಲಕ್ಕಿಳಿದಾಗ, ಅವು ಮಣ್ಣಿನ ಜೀವಿಗಳನ್ನು ಕೆಡಿಸಬಹುದೆಂದು ಎದ್ದ ಅನುಮಾನಕ್ಕೆ ಇದೇ ಆಧಾರ. ಅನುಮಾನ ನ್ಯಾಯವಾದದ್ದೇ. ಆದರೆ ಅದನ್ನು ಪರೀಕ್ಷಿಸಿದವರ ಕೆಲಸವನ್ನು ಸಾಲಾಗಿಟ್ಟು ನೋಡಿದರೆ, ವ್ಯತ್ಯಾಸ ಕಂಡೊಡನೆ ಮಣ್ಣು ಕೆಟ್ಟಿತೆನ್ನುವುದೂ, ಹಾನಿ ಕಾಣಲಿಲ್ಲವೆಂದು ಕಡತ ಮುಚ್ಚುವುದೂ ಆತುರವೇ.

ಕೀಟನಾಶಕ ಪ್ರೋಟೀನು ತಯಾರಿಸುವಂತೆ ಜೀನ್ ಸೇರಿಸಿದ ಬಿಟಿ ಮೆಕ್ಕೆಜೋಳದ ಬೇರು ಆ ಪ್ರೋಟೀನನ್ನು ಮಣ್ಣಿಗೂ ಒಸರುತ್ತದೆ ಎಂದು ನ್ಯೂಯಾರ್ಕ್ ವಿಶ್ವವಿದ್ಯಾಲಯದ ಗುಂಥರ್ ಸ್ಟಾಟ್ಸ್‌ಕಿ ತಂಡ 1999ರಲ್ಲಿ ವರದಿ ಮಾಡಿತು. ಜೇಡಿಕಣಗಳಿಗೆ ಅಂಟಿಕೊಂಡ ಪ್ರೋಟೀನು ಬೇಗ ಕೊಳೆಯದು ಎಂಬ ಸಂಗತಿ ಕಳವಳವನ್ನು ಹೆಚ್ಚಿಸಿತು. ಆದರೆ 2001ರಲ್ಲಿ ಇದೇ ಪ್ರಯೋಗಾಲಯ ಬಿಟಿ ಮತ್ತು ಸಾಮಾನ್ಯ ಮೆಕ್ಕೆಜೋಳದ ಮಣ್ಣನ್ನು ಹೋಲಿಸಿದಾಗ ಬ್ಯಾಕ್ಟೀರಿಯಾ, ಶಿಲೀಂಧ್ರಗಳ ಎಣಿಕೆಯಲ್ಲಿ ಗಣನೀಯ ಅಂತರ ಸಿಗಲಿಲ್ಲ. ಎರೆಹುಳುಗಳ ಕರುಳಿನಲ್ಲಿ ಆ ಪ್ರೋಟೀನು ಸಿಕ್ಕಿತು. ಅವುಗಳ ತೂಕವಾಗಲಿ ಸಾವಿನ ಪ್ರಮಾಣವಾಗಲಿ ಬದಲಾಗಿರಲಿಲ್ಲ. ಕೆನಡಾದ ಸಸ್ಕಾಚೆವಾನ್‌ನಲ್ಲಿ ಸಂಶೋಧಕರಾದ ಡನ್‌ಫೀಲ್ಡ್ ಮತ್ತು ಜರ್ಮಿಡಾ ಕಂಡದ್ದು ಬೇರೆ. ಕಳೆನಾಶಕ ತಾಳುವ ಕುಲಾಂತರಿ ಕನೋಲಾದ (ಎಣ್ಣೆಬೀಜದ ಬೆಳೆ) ಬೇರಿನ ಬ್ಯಾಕ್ಟೀರಿಯಾ ಸಮುದಾಯ ಸಾಮಾನ್ಯ ತಳಿಯದ್ದಕ್ಕಿಂತ ಭಿನ್ನವಾಗಿತ್ತು. ಆದರೆ ಚಳಿಗಾಲ ಕಳೆದು ಅದೇ ಹೊಲದ ಮಣ್ಣು ತೆಗೆದಾಗ ಆ ಭಿನ್ನತೆ ಉಳಿದಿರಲಿಲ್ಲ. 2003ರಲ್ಲಿ ಅವರು ಅದನ್ನು ತಾತ್ಕಾಲಿಕವೆಂದೇ ದಾಖಲಿಸಿದರು.

ಒಂದು ಹಂಗಾಮಿನ ಬದಲಾವಣೆ ಅಳಿಸಿಹೋದೀತು, ವರ್ಷವರ್ಷವೂ ಅದೇ ಬೆಳೆ ಬಿತ್ತಿದರೆ ಏನು ಗತಿ ಎಂಬ ಆಕ್ಷೇಪ ತಳ್ಳಿಹಾಕುವಂಥದ್ದಲ್ಲ. ಆದರೆ ಅಲ್ಲಿ ಜೀನ್ ಒಂದೇ ಆರೋಪಿಯಲ್ಲ: ಸಿಂಪಡಿಸಿದ ಕಳೆನಾಶಕ, ಕೈಬಿಟ್ಟ ಬೆಳೆ ಸರದಿ, ಬದಲಾದ ಉಳುಮೆ ಎಲ್ಲವೂ ಮಣ್ಣನ್ನು ಮುಟ್ಟುತ್ತವೆ, ಅವನ್ನು ಬಿಡಿಸಿ ಅಳೆಯದೆ ತೀರ್ಪು ಕೊಡಲಾಗದು. ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಯುವುದು ಮಣ್ಣಿನ ಬ್ಯಾಕ್ಟೀರಿಯಾಗಳಲ್ಲಿ ಅತ್ಯಲ್ಪ ಭಾಗ, ಹಾಗಿರುವಾಗ ಎಣಿಕೆಗೇನು ಬೆಲೆ ಎಂದೂ ಕೇಳಬಹುದು. ಇದು ಇನ್ನೂ ಗಟ್ಟಿ ಪ್ರಶ್ನೆ. ಡಿಎನ್‌ಎ ವಿಧಾನಗಳು ಬಂದ ಮೇಲೆ ಯಾರಿದ್ದಾರೆಂಬುದು ಹೆಚ್ಚು ತಿಳಿಯಿತು. ಯಾರು ಏನು ಮಾಡುತ್ತಾರೆಂಬುದು ಅಷ್ಟು ಸುಲಭಕ್ಕೆ ತಿಳಿಯುವುದಿಲ್ಲ.

ಸಾಂಪ್ರದಾಯಿಕ ತಳಿಗಳೂ ಒಂದರಂತೆ ಇನ್ನೊಂದಿಲ್ಲ. ಆದ್ದರಿಂದ ಅವುಗಳ ನಡುವಿನ ಸಹಜ ಅಂತರವೇ ಅಳತೆಗೋಲಾಗಬೇಕು; ಕುಲಾಂತರಿ ಬೆಳೆ ಅದನ್ನು ಮೀರಿತೇ, ಮೀರಿದ್ದು ಉಳಿಯಿತೇ, ಸಾರಜನಕದ ಪೂರೈಕೆಯೋ ರೋಗವೋ ಅದರಿಂದ ಬದಲಾಯಿತೇ ಎಂದು ನೋಡಬೇಕು. 2002ರಿಂದ ಬಿಟಿ ಹತ್ತಿ ಬೆಳೆಯುತ್ತಿರುವ ಕರ್ನಾಟಕದ ಎರೆನೆಲಕ್ಕೆ ಹಿಮ ಬೀಳುವ ಸಸ್ಕಾಚೆವಾನ್‌ನ ಉತ್ತರ ಸಾಲದು. ಇಲ್ಲಿನ ಮಣ್ಣನ್ನು ಇಲ್ಲಿಯೇ, ಹಲವು ಹಂಗಾಮು ಅಳೆಯಬೇಕು.